ಮನ್ನಾರಿನ ಮರಕ್ಕೆ ಎಷ್ಟು ಮಂದಿ

ಸವಣೂರಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿವಬಸವ್ವ ಅಕ್ಕೋರು ಮೂವತ್ತೊಂದು ವರ್ಷ ಐದನೆಯ ಇಯತ್ತೆಗೆ ಪಾಠ ಹೇಳಿದರು. ಆ ಮೂವತ್ತೊಂದು ವರ್ಷವೂ ಸಂಕ್ರಾಂತಿ ಮುಗಿದ ವಾರ ಅವರ ತರಗತಿಗೆ ಒಂದೇ ಕೆಲಸ: ಊರಿನ ದೊಡ್ಡ ಹುಣಸೆ ಮರವನ್ನು ಅಳೆಯುವುದು. ಹುಣಸೆ ಎನ್ನುತ್ತಾರಾದರೂ ಅದು ನಾವು ಸಾರಿಗೆ ಹಾಕುವ ಹುಣಸೆಯ ಜಾತಿಯಲ್ಲ. ಮೂಲ ಆಫ್ರಿಕಾದ್ದು, ಬುಡ ಒಂದು ಸಣ್ಣ ಕೋಣೆಯಷ್ಟು ದಪ್ಪ. ಯಾರು ತಂದು ನೆಟ್ಟರೆಂಬುದಕ್ಕೆ ಊರಿನಲ್ಲಿ ನಾಲ್ಕಾರು ಕಥೆಗಳಿವೆ. ಅಕ್ಕೋರು ಅವುಗಳಲ್ಲಿ ಯಾವುದನ್ನೂ ಹೇಳುತ್ತಿರಲಿಲ್ಲ. ಅಳೆಯಲು ಬರುವುದನ್ನು ಅಳೆಯೋಣ ಎನ್ನುತ್ತಿದ್ದರು.

ಅಳೆಯುವುದಕ್ಕೆ ಒಂದು ಕಟ್ಟುನಿಟ್ಟಾದ ರೀತಿ ಇತ್ತು. ಮೊದಲ ದಿನ ಶಾಲೆಯ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಪ್ರತಿ ಮಗುವೂ ಎರಡೂ ಕೈ ಚಾಚಿ ನಿಲ್ಲಬೇಕು. ಎರಡು ಬೆರಳ ತುದಿಗೆ ಸೀಮೆಸುಣ್ಣದ ಎರಡು ಗೆರೆ. ಗೆರೆಗಳ ನಡುವಿನ ಅಂತರ ವಹಿಯಲ್ಲಿ. ಮರುದಿನ ಮರದ ಹತ್ತಿರ ಹೋಗಿ, ಎದೆಯ ಎತ್ತರದಲ್ಲಿ ಕೈ ಚಾಚಿ, ಬೆರಳ ತುದಿಗೆ ಬೆರಳ ತುದಿ ತಾಗಿಸಿ ಮರವನ್ನು ಸುತ್ತುವರಿಯಬೇಕು. ಯಾರಾದರೂ ಪಕ್ಕದವನ ಕೈ ಹಿಡಿದರೆ ಅಳತೆ ಕೆಟ್ಟಂತೆ, ಮತ್ತೆ ಮೊದಲಿನಿಂದ. ಒಂದು ವರ್ಷ ಜ್ವರದ ಹಾವಳಿಯಿಂದ ಆರೇ ಮಕ್ಕಳು ಬಂದಿದ್ದರು. ಅರ್ಧ ಮರ ಸುತ್ತಿ, ಗುರುತು ಹಾಕಿ, ಉಳಿದರ್ಧ ಸುತ್ತಿದರು. ಲೆಕ್ಕ ಹೆಚ್ಚುಕಡಿಮೆ ಒಂದು ಮಗುವಿನಷ್ಟು ಜಾಸ್ತಿ ಬಂತು. ಗುರುತಿನ ಬಳಿ ಕೈ ಮೇಲೆ ಕೆಳಗೆ ಆಗಿತ್ತು, ತೊಗಟೆಯ ಮಡಿಕೆಗಳಲ್ಲಿ ಬೆರಳು ಹೊಕ್ಕಿತ್ತು. ಮುಂದಿನ ವಾರ ಎಲ್ಲರೂ ಬಂದ ಮೇಲೆ ಮತ್ತೆ ಅಳೆದರು. ಅಂದಿನಿಂದ ಅಕ್ಕೋರ ನಿಯಮ: "ಒಂದ ಸರಪಳಿ, ಒಮ್ಮಿಗೇ ಮುಚ್ಚಬೇಕು."

ಕೆಲವು ವರ್ಷ ಹನ್ನೆರಡು ಮಕ್ಕಳು ಸಾಕಾಗುತ್ತಿದ್ದರು, ಕೆಲವು ವರ್ಷ ಹದಿಮೂರು. ಹದಿಮೂರು ಬೇಕಾದ ಒಂದು ವರ್ಷ ಪಾಲಕರೊಬ್ಬರು ಮರ ಬೆಳೆಯಿತೆಂದು ಸಂಭ್ರಮಪಟ್ಟರು. "ಮರ ಬೆಳದಿಲ್ರಿ, ಈ ವರ್ಷದ ಹುಡುಗೂರು ಗಿಡ್ಡ ಅದಾರ," ಎಂದು ಅಕ್ಕೋರು ಗೋಡೆಯ ಗೆರೆಗಳನ್ನು ತೋರಿಸಿದರು. ಆ ಪಾಲಕರು ಎರಡು ವಾರ ಮಾತು ಬಿಟ್ಟರು. ಆ ಸಾಲಿನಲ್ಲಿ ಒಮ್ಮೆ ನಾನೂ ನಿಂತಿದ್ದೇನೆ. ನನ್ನ ಎಡಕ್ಕೆ ಫಾರೂಕ ಇದ್ದ. ಅವನ ಬೆರಳು ಬೆವರುತ್ತಿತ್ತು.

ಪ್ರತಿ ವರ್ಷವೂ ಮಕ್ಕಳಲ್ಲಿ ಒಬ್ಬರಾದರೂ ಒಂದು ಪ್ರಶ್ನೆ ಕೇಳುತ್ತಿದ್ದರು: ಇದಕ್ಕಿಂತ ದೊಡ್ಡದು ಇನ್ನೊಂದು ಐತೇನ್ರಿ?

"ಐತಿ. ಶ್ರೀಲಂಕಾದಾಗ ಮನ್ನಾರ ಅಂತ ಊರೈತಿ, ಅಲ್ಲೊಂದು ಐತಿ," ಎಂದು ಅಕ್ಕೋರು ಹೇಳಿ, ಬಿಡದೆ ಇನ್ನೊಂದು ಮಾತು ಸೇರಿಸುತ್ತಿದ್ದರು. "ನಾ ನೋಡಿಲ್ಲ. ಓದೇನಿ."

ಶನಿಗ್ರಹದ ಬಳೆಗಳ ಪಾಠ ಮಾಡುವಾಗ ಅವರು ಈ ಮಾತು ಸೇರಿಸುತ್ತಿರಲಿಲ್ಲ. ಶನಿಗ್ರಹಕ್ಕೆ ಹೋಗಲು ಬರುವುದಿಲ್ಲ. ಮನ್ನಾರಿಗೆ ಹೋಗಲು ಬರುತ್ತದೆ. ಹೋಗಬಹುದಾದ ಜಾಗಕ್ಕೆ ಹೋಗದೆ, ಅಳೆಯಬಹುದಾದದ್ದನ್ನು ಅಳೆಯದೆ, ಅದು ದೊಡ್ಡದು ಎಂದು ಮಕ್ಕಳಿಗೆ ಹೇಳುವುದು ಅವರ ಮನಸ್ಸಿಗೆ ಒಗ್ಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ನಿವೃತ್ತರಾದರು. ಅಕ್ಟೋಬರಿಗೆ ಪಾಸ್‌ಪೋರ್ಟ್ ಕೈಗೆ ಬಂತು. ಗಂಡ ಉಳವಪ್ಪನವರದು ಎಲೆತೋಟ. ಅವರನ್ನು ಕರೆದದ್ದಾಯಿತು. "ನಾ ಬಂದ್ರ ಎಲಿ ಕೊಯ್ಯಾವ್ರು ಯಾರು? ಮರಾ ಎಲ್ಲಿಗೂ ಓಡಿ ಹೋಗೂದಿಲ್ಲ, ಬಳ್ಳಿ ಹಂಗಲ್ಲ. ನೀ ಹೋಗಿ ಬಾ," ಎಂದು ಅವರು ಬುಟ್ಟಿ ಎತ್ತಿಕೊಂಡು ಹೊರಟರು.

ಫಾರೂಕ ಈಗ ಸವಣೂರು ಬಸ್ ನಿಲ್ದಾಣದ ಎದುರಿಗೆ ಉಮ್ರಾ ಪ್ರವಾಸದ ಆಫೀಸು ಇಟ್ಟಿದ್ದಾನೆ. ಮಕ್ಕಾಕ್ಕಲ್ಲದೆ ಬೇರೆಡೆಗೂ ಟಿಕೆಟ್ ಮಾಡಿಸಿ ಕೊಡುತ್ತಾನೆ. ಅಕ್ಕೋರು ಮೆಟ್ಟಿಲು ಹತ್ತಿ ಬಂದಾಗ ಎದ್ದು ನಿಂತು ತನ್ನ ಕುರ್ಚಿಯನ್ನೇ ಕೊಟ್ಟ. ಅವರ ಜೊತೆ ಗೆಳತಿ ಪದ್ಮಜಾ ಇದ್ದರು. ಇಬ್ಬರೂ ಶಿಗ್ಗಾವಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಪದ್ಮಜಾ ಅಂಚೆ ಕಚೇರಿಯಿಂದ ನಿವೃತ್ತರಾಗಿ ಶಿಗ್ಗಾವಿಯಲ್ಲೇ ಇದ್ದಾರೆ. ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ, ಬಾಯಲ್ಲಿ ಮುಲಾಜಿಲ್ಲ.

"ಎರಡು ದಾರಿ ಅದಾವ್ರಿ ಅಕ್ಕೋರ," ಎಂದ ಫಾರೂಕ. "ಒಂದು, ಗ್ರೂಪ್. ಹಿರೇಕೆರೂರಿನ ಶಿವಾನಂದ ಅಂತ ಅದಾರ, ವರ್ಷಾ ಜನವರಿಗೆ ಲಂಕಾಕ್ಕ ಕರಕೊಂಡು ಹೋಗ್ತಾರ. ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ, ನಮ್ಮ ಸವಣೂರು, ನಾಕೂ ತಾಲೂಕಿನ ಮಂದಿ ಇರ್ತಾರ. ಬಸ್ಸು, ಲಾಡ್ಜು, ಅಡಗಿಯವ್ರು ಸೈತ ಜೋಡಿ ಇರ್ತಾರ. ಇನ್ನೊಂದು, ಪ್ರೈವೇಟ್. ಒಂದು ಕಾರು, ಒಬ್ಬ ಡ್ರೈವರು, ಗೈಡೂ ಅವನ. ನೀವು ನಿಲ್ಸಂದ್ರ ನಿಲ್ಲಸ್ತಾನ, ನಡಿ ಅಂದ್ರ ನಡೀತಾನ. ದುಡ್ಡು ಸ್ವಲ್ಪ ಹೆಚ್ಚಾಗತೈತಿ."

"ಅಡಗಿಯವರು ಅಂದ್ಯಲ್ಲ, ಉಳ್ಳಾಗಡ್ಡಿ ಇಲ್ಲದ್ದು ಮಾಡ್ತಾರೇನಪಾ?" ಎಂದರು ಪದ್ಮಜಾ.

"ಎರಡು ಬೋಗೋಣಿ ಇಡ್ತಾರ್ರಿ ಅವ್ವಾರ. ಹಾಕಿದ್ದೊಂದು, ಹಾಕದ್ದೊಂದು."

"ಮುಗೀತು. ನಂದು ಗ್ರೂಪು. ಬರಕೋ."

ಶಿವಬಸವ್ವ ಅಕ್ಕೋರು ಬೇರೆಯದನ್ನು ಕೇಳಿದರು. "ಗ್ರೂಪಿನವರು ಮನ್ನಾರಕ್ಕ ಹೋಗ್ತಾರೇನು?"

"ಹೋಗ್ತಾರ್ರಿ. ಕೇತೀಶ್ವರದ ಗುಡಿ, ಆಮ್ಯಾಲೆ ತಲೈಮನ್ನಾರದಾಗ ರಾಮಸೇತು ನೋಡಾಕ. ಮನ್ನಾರ ಊರಾಗ ಹಾದ ಹೋಗಬೇಕು."

"ಮರದ ಹತ್ರ ನಿಲ್ಲಸ್ತಾರೇನು?"

ಫಾರೂಕ ಶಿವಾನಂದರಿಗೆ ಫೋನು ಹಚ್ಚಿ ಮೇಜಿನ ಮೇಲೆ ಇಟ್ಟ. ಆ ಕಡೆಯಿಂದ ಧ್ವನಿ ಮೂವರಿಗೂ ಕೇಳಿಸಿತು.

"ಮರಾ? ಯಾವ ಮರಾ? ನೋಡ್ರಿ, ನಂದೊಂದು ಪಟ್ಟಿ ಐತಿ. ಪಟ್ಟಿಯಾಗ ಇದ್ದದ್ದು ಒಂದೂ ಬಿಡೂದಿಲ್ಲ, ಇಲ್ಲದ್ದು ಒಂದೂ ತೋರ್ಸೂದಿಲ್ಲ. ಇಪ್ಪತ್ತಾರು ಮಂದಿ. ಒಬ್ರಿಗೆ ಮರಾ ತೋರ್ಸಿದ್ರ ಉಳದ ಇಪ್ಪತ್ತೈದು ಮಂದಿ ಒಂದೊಂದು ಮರಾ ಹೇಳ್ತಾರ. ಬೇಕಾದ್ರ ಬಸ್ ಸಾವಕಾಶ ಹೊಡಸ್ತೇನಿ, ಕಿಡಕ್ಯಾಗಿಂದ ನೋಡ್ಕೊಳ್ಳಿ."

ಅಕ್ಕೋರು ಅಂದು ಮನೆಗೆ ಹೋದರು. ಮರುದಿನ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಎರಡು ಅಂಕಣ ಎಳೆದು ಬರೆದುಕೊಂಡು ಬಂದರು. ಎಡಕ್ಕೆ ಗ್ರೂಪ್, ಬಲಕ್ಕೆ ಪ್ರೈವೇಟ್. ಊಟ, ಜೊತೆ, ಭಾಷೆ, ಆರಾಮ ತಪ್ಪಿದರೆ ನೋಡಿಕೊಳ್ಳುವವರು, ದುಡ್ಡು, ಬೇಕಾದಲ್ಲಿ ನಿಲ್ಲುವುದು, ಮರದ ಹತ್ತಿರ ಸಿಗುವ ಹೊತ್ತು. ಏಳು ವಿಷಯ, ಪ್ರತಿಯೊಂದಕ್ಕೂ ಹತ್ತು ಅಂಕ. ಊಟದಲ್ಲಿ ಗ್ರೂಪಿಗೆ ಒಂಬತ್ತು, ಪ್ರೈವೇಟಿಗೆ ಮೂರು. ಜೊತೆಯಲ್ಲಿ ಗ್ರೂಪಿಗೆ ಎಂಟು, ಪ್ರೈವೇಟಿಗೆ ಎರಡು. ಕೊನೆಗೆ ಕೂಡಿಸಿದರೆ ಗ್ರೂಪು ನಲವತ್ತೊಂದು, ಪ್ರೈವೇಟು ಮೂವತ್ತೇಳು.

ಪದ್ಮಜಾ ಹಾಳೆ ನೋಡಿ ಚಪ್ಪಾಳೆ ತಟ್ಟಿದರು. "ನಿನ್ನ ಲೆಕ್ಕಾನ ಹೇಳ್ತದ. ಗ್ರೂಪು ಪಾಸು."

"ಫೇಲು," ಎಂದರು ಅಕ್ಕೋರು. "ಕೊನೀ ಸಾಲು ನೋಡು. ಮರದ ಹತ್ರ ಹೊತ್ತು: ಗ್ರೂಪಿಗೆ ಸೊನ್ನಿ. ಒಂದ ವಿಷಯದಾಗ ಸೊನ್ನಿ ಬಿದ್ರ ಉಳದದ್ರಾಗ ಎಷ್ಟ ಬಿದ್ರೇನು? ಪಾಸ್ ಆಗೂದಿಲ್ಲ. ಅದಕ್ಕ ನಾ ಪ್ರೈವೇಟ್ ಹೊಂಟೇನಿ."

"ಅಲ್ಲ ಶಿವಿ, ಕಾರಿನ್ಯಾಗ ಒಬ್ಬಾಕಿನ ಕುಂತು ಯಾರ ಜೋಡಿ ಜಗಳಾಡ್ತಿ?"

"ನಿನ್ನ ಜೋಡಿ. ಫೋನಿನ್ಯಾಗ."

"ಟೇಪ್ ಒಯ್ರಿ ಅಕ್ಕೋರ, ಒಂದ ನಿಮಿಷದ ಕೆಲಸ," ಎಂದ ಫಾರೂಕ ನಡುವೆ.

ಅಕ್ಕೋರು ಅವನನ್ನು ಐದನೆಯ ಇಯತ್ತೆಯ ಹುಡುಗನನ್ನು ನೋಡಿದಂತೆ ನೋಡಿದರು. "ಎರಡು ಮರಾ ಹೋಲಸಬೇಕಾದ್ರ ಎರಡೂ ಒಂದ ರೀತಿಲೆ ಅಳೀಬೇಕು. ಇಲ್ಲಿದು ಮೂವತ್ತೊಂದು ವರ್ಷ ಕೈಯಿಂದ ಅಳದೇವಿ. ಅಲ್ಲಿದು ಟೇಪಿನಿಂದ ಅಳದ್ರ ಅದೇನು ಹೋಲಿಕಿ?"

ಫಾರೂಕ ತಲೆ ತಗ್ಗಿಸಿ ಟಿಕೆಟಿಗೆ ಕೈ ಹಾಕಿದ. ಇಬ್ಬರಿಗೂ ಒಂದೇ ವಿಮಾನ ಹಿಡಿಸಿದ. ಕೊಲಂಬೋದಲ್ಲಿ ಒಬ್ಬರು ಬಸ್ಸಿಗೆ, ಒಬ್ಬರು ಕಾರಿಗೆ. ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರೂ ಮನ್ನಾರಿನ ಕಡೆ ಇರುವಂತೆ ಕಾರಿನವನಿಗೆ ದಿನ ಗೊತ್ತು ಮಾಡಿಕೊಟ್ಟ.

ಅಕ್ಕೋರು ಹೊರಡುವ ಮುನ್ನ, ವಿಜ್ಞಾನದ ಪ್ರಯೋಗಕ್ಕೆ ಬರೆಸುತ್ತಿದ್ದಂತೆ, ಬೇಕಾಗುವ ಸಾಮಗ್ರಿಗಳ ಪಟ್ಟಿ ಮಾಡಿದರು. ಸೀಮೆಸುಣ್ಣ ಆರು ತುಂಡು, ಸ್ಕೇಲು ಒಂದು, ಎದೆಯ ಎತ್ತರ ನೋಡಲು ಗಂಟು ಹಾಕಿದ ದಾರ, ವಹಿ, ಪೆನ್ನು ಎರಡು. ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ಒಂದೊಂದಕ್ಕೂ ಮುಂದೆ ಸರಿ ಗುರುತು ಹಾಕಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬೇರೆ ಚೀಲದಲ್ಲಿ.

ಮೊದಲ ಮೂರು ದಿನ ಪ್ರೈವೇಟು ಗೆದ್ದಿತು. ಡ್ರೈವರು ಐವತ್ತರ ಆಸುಪಾಸಿನ, ಮಿತ ಮಾತಿನ ಮನುಷ್ಯ. ಇಂಗ್ಲಿಷು ಬರುತ್ತಿತ್ತು, ತಮಿಳು, ಸಿಂಹಳ ಎರಡೂ ಬರುತ್ತಿದ್ದವು. ಅಕ್ಕೋರು ದಾರಿಯಲ್ಲಿ ದಾಲ್ಚಿನ್ನಿಯ ತೊಗಟೆ ಸುಲಿಯುತ್ತಿದ್ದವರನ್ನು ಕಂಡು ಕಾರು ನಿಲ್ಲಿಸಿ ಮುಕ್ಕಾಲು ತಾಸು ನೋಡಿದರು. ಒಂದು ಶಾಲೆಯ ಬೇಲಿಯ ಹೊರಗೆ ನಿಂತು ಬೆಳಗಿನ ಪ್ರಾರ್ಥನೆ ಮುಗಿಯುವವರೆಗೆ ಮಕ್ಕಳ ಸಾಲು ಎಷ್ಟು ನೇರವಾಗಿದೆ ಎಂದು ಪರೀಕ್ಷಿಸಿದರು. ಯಾರೂ ಜಲ್ದಿ ಮಾಡಿ ಎನ್ನಲಿಲ್ಲ. ಊಟದ್ದು ಮಾತ್ರ ಪೇಚಾಟ. ಒಂದು ಕಡೆ ತೆಂಗಿನಕಾಯಿ ಚಟ್ನಿ ಚೆನ್ನಾಗಿ ಕಾಣಿಸುತ್ತದೆ ಎಂದು ಇನ್ನೇನು ಬಾಯಿಗೆ ಇಡಬೇಕು, ಅದರಲ್ಲಿ ಒಣಮೀನಿನ ಚೂರು ಬಿದ್ದಿರುತ್ತದೆ ಎಂದು ಡ್ರೈವರೇ ತಡೆದ. ಅಲ್ಲಿಂದ ಮುಂದೆ ಬಾಳೆಹಣ್ಣು, ಬ್ರೆಡ್ಡು, ಮನೆಯ ರೊಟ್ಟಿ.

ದಿನವೂ ಸಂಜೆ ಫೋನು.

"ಏನ್ ತಿಂದಿ?" ಎಂದು ಪದ್ಮಜಾ ಮೊದಲು ಕೇಳುತ್ತಿದ್ದುದು ಇದನ್ನೇ.

"ಬಾಳೆಹಣ್ಣು."

"ನಾವು ಬಿಸಿಬಿಸಿ ಉಪ್ಪಿಟ್ಟು, ಮಧ್ಯಾಹ್ನ ಬದನಿಕಾಯಿ ಪಲ್ಯ, ಸಾರು, ಮೊಸರು. ಹೇಳ್ಲೇನು ಇನ್ನೂ?"

"ನೀವು ಏನ್ ನೋಡಿದ್ರಿ ಅದನ್ನ ಹೇಳು."

"ನೋಡೂದೇನು. ಕ್ಯಾಂಡಿಯೊಳಗ ಹಾನಗಲ್ಲದಾಂವ ಒಬ್ಬ ಚಪ್ಪಲ ಕೊಳ್ಳಲಿಕ್ಕೆ ಹೋಗಿದ್ದ, ನಲವತ್ತು ನಿಮಿಷ ಇಪ್ಪತ್ತೈದು ಮಂದಿ ಅವನ ಕಾಲು ಕಾದ್ವಿ. ಆದ್ರ ಬಸ್ಸಿನ್ಯಾಗ ನಗೂದೇನು, ಹಾಡೂದೇನು! ಹಿರೇಕೆರೂರಿನ ಯಂಕವ್ವ ಅಂತ ಒಬ್ಬಾಕಿ ಇದ್ದಾಳ, ಆಕಿ ಬಾಯಿ ತಗದ್ರ ನನ್ನ ಬಾಯಿನ ಬಂದ್ ಆಗ್ತದ, ನೋಡು."

"ಹಂಗಾದ್ರ ಆಕಿನ್ನ ನಾ ನೋಡಾಕs ಬೇಕು."

ನಾಲ್ಕನೆಯ ದಿನ ಬೆಳಿಗ್ಗೆ ಏಳೂವರೆಗೆ ಕಾರು ಮನ್ನಾರಿನಲ್ಲಿ ಮರವಿದ್ದ ಬೀದಿಯಲ್ಲಿ ನಿಂತಿತು. ಸಮುದ್ರ ಕಾಣಿಸುತ್ತಿರಲಿಲ್ಲ, ಗಾಳಿಯಲ್ಲಿ ಉಪ್ಪು ಇತ್ತು. ಮನೆಗಳ ನಡುವೆ, ಯಾರ ಮುಲಾಜಿಗೂ ಒಳಗಾಗದಂತೆ, ಮರ ಕೂತಿತ್ತು. ಕೂತಿತ್ತು ಎನ್ನುವುದೇ ಸರಿ; ಎತ್ತರ ಅಷ್ಟೇನಿಲ್ಲ, ಅಗಲವೇ ಎಲ್ಲ. ಅಕ್ಕೋರು ಇಳಿದು ಮೊದಲು ಒಂದು ಸುತ್ತು ಬಂದರು. ಅಂಗೈ ಇಟ್ಟು ನೋಡಿದರು. ಅದೇ ಬೂದು ಬಣ್ಣದ ನುಣುಪು, ಅದೇ ಮಡಿಕೆ. ಎರಡನೆಯ ಸುತ್ತು ಬಂದರು. ಕಾಲು ಹೆಜ್ಜೆ ಎಣಿಸುತ್ತಿದ್ದವು, ಅವರ ಗಮನವಿಲ್ಲದೆಯೇ. ಹತ್ತು ಗಂಟೆಯವರೆಗೆ ಪೂರ್ತಿ ಹೊತ್ತು ಅವರದೇ. ಅದಕ್ಕಾಗಿಯೇ ಅಲ್ಲವೇ ಗೆಳತಿಯನ್ನೂ ಸಾರನ್ನೂ ಬಿಟ್ಟು ಬಂದದ್ದು.

ಚೀಲ ಬಿಚ್ಚಿದರು. ದಾರ ಹಿಡಿದು ಎದೆಯ ಎತ್ತರಕ್ಕೆ ನಾಲ್ಕು ಕಡೆ ಸೀಮೆಸುಣ್ಣದ ಗುರುತು ಹಾಕಿದರು. ವಹಿ ತೆರೆದು ದಿನಾಂಕ, ಸ್ಥಳ, ಗಂಟೆ ಬರೆದರು. ಆಮೇಲೆ ಮೂವತ್ತೊಂದು ವರ್ಷದ ರೂಢಿಯಂತೆ ಹಿಂದೆ ತಿರುಗಿ, ಧ್ವನಿ ಎತ್ತರಿಸಿ, "ಸಾಲಾಗಿ ನಿಂದರ್ರಿ," ಎಂದರು.

ಅಲ್ಲಿ ಡ್ರೈವರು ಒಬ್ಬನೇ ಇದ್ದ. ಅವನ ಹಿಂದೆ ಎರಡು ಕತ್ತೆಗಳು ನಿಂತಿದ್ದವು. ಮನ್ನಾರಿನ ಬೀದಿಯಲ್ಲಿ ಕತ್ತೆಗಳಿಗೆ ಬರವಿಲ್ಲ.

ಈ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ, ಶಾಲೆಯ ಅಕ್ಕೋರನ್ನು ಬಿಟ್ಟು. ಸ್ಕೇಲು ತರಬೇಕು, ಸುಣ್ಣ ತರಬೇಕು, ದಾರ ತರಬೇಕು. ಮಕ್ಕಳನ್ನು ಯಾರೂ ತರುವುದಿಲ್ಲ, ಅವರು ಇದ್ದೇ ಇರುತ್ತಾರೆ. ಕರೆದರೆ ನಲವತ್ತು ಕೈ ಏಳುತ್ತವೆ. ಸಾಮಗ್ರಿಯ ಪಟ್ಟಿಯಲ್ಲಿ ಅವರ ಹೆಸರು ಒಂದು ವರ್ಷವೂ ಬರೆದಿರಲಿಲ್ಲ. ಅಕ್ಕೋರು ಹೊತ್ತಿಗೆ ಅಂಕ ಕೊಟ್ಟಿದ್ದರು, ಜೊತೆಗೂ ಅಂಕ ಕೊಟ್ಟಿದ್ದರು. ಆದರೆ ಜೊತೆ ಎಂದರೆ ಮಾತಿಗೆ ಎಂದುಕೊಂಡಿದ್ದರು, ಅಳತೆಗೆ ಎಂದಲ್ಲ.

ಡ್ರೈವರಿಗೆ ವಿಷಯ ತಿಳಿಸಿದಾಗ ಅವನು ನಗಲಿಲ್ಲ. ಪಕ್ಕದ ಓಣಿಗೆ ಹೋಗಿ ಸೈಕಲ್ಲಿನ ಮೇಲೆ ಮೀನು ಮಾರುವ ಒಬ್ಬನನ್ನೂ, ಬಾಗಿಲು ಗುಡಿಸುತ್ತಿದ್ದ ಒಬ್ಬ ಅಜ್ಜಿಯನ್ನೂ ಕರೆತಂದ. ಅಕ್ಕೋರು ಸೇರಿ ನಾಲ್ಕು. ಉಳಿದ ಗಂಡಸರು ದೋಣಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಡ್ರೈವರು ಯಾರ್‍ಯಾರಿಂದಲೋ ನಂಬರು ಹುಡುಕಿ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೇ ಫೋನು ಮಾಡಿದ. ಮೇಲಿನವರ ಬರಹದ ಅನುಮತಿ ಇಲ್ಲದೆ ಮಕ್ಕಳನ್ನು ಹೊರಗೆ ಕಳಿಸಲು ಬರುವುದಿಲ್ಲ ಎಂದು ಅವರು ಹೇಳಿದರು. ಅಕ್ಕೋರು ತಲೆಯಾಡಿಸಿದರು. ಆ ಜಾಗದಲ್ಲಿ ತಾವಿದ್ದರೂ ಕಳಿಸುತ್ತಿರಲಿಲ್ಲ.

ನಾಲ್ವರೇ ಮೂರು ಸಲ ನಿಂತರೆ ಹನ್ನೆರಡಾಗುವುದಿಲ್ಲವೇ ಎಂದು ಡ್ರೈವರು ಕೇಳಿದ. ತುಂಡು ಮಾಡಿ ಅಳೆದ ಆ ಜ್ವರದ ವರ್ಷದ ಕಥೆಯನ್ನು ಅಕ್ಕೋರು ಅವನಿಗೆ ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದರು. ಅವನು ಗಂಭೀರವಾಗಿ ಕೇಳಿ, ಹೌದು, ತಪ್ಪಾಗುತ್ತದೆ ಎಂದು ಒಪ್ಪಿದ. ಮೀನಿನವನು ಗಂಟೆ ಬಾರಿಸಿಕೊಂಡು ಹೊರಟುಹೋದ. ಮೂವರಾದರು.

ಎಂಟು ಐವತ್ತಕ್ಕೆ ಅಕ್ಕೋರು ಫೋನು ತೆಗೆದರು.

"ಪದ್ದಿ, ಎಲ್ಲಿದ್ದಿ?"

"ಕೇತೀಶ್ವರದ ಗುಡಿಯಿಂದ ಬಸ್ ಹೊಂಟದ. ಯಾಕ, ನಿನ್ನ ದನೀ ಯಾಕ ಹಂಗದ?"

"ಮಂದಿ ಬೇಕಾಗ್ಯಾರ."

"ಏನು?"

"ಮಂದಿ. ಹನ್ನೆರಡು ಸಾಕು. ಹದಿಮೂರು ಇದ್ರ ಚಲೋ."

ಪದ್ಮಜಾ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. "ಬದನಿಕಾಯಿ ತರಸಿದಂಗ ಹೇಳ್ತಿಯಲ್ಲ! ಮಂದಿ ಬ್ಯಾಡ ಅಂತ ಕಾರು ಮಾಡಿದಾಕಿ ನೀನs ಹೌದಲ್ಲೋ? ಹಾಳೀ ಮ್ಯಾಲೆ ಅಂಕಾ ಕೊಟ್ಟಾಕಿ?"

"ಹೌದು. ತಪ್ಪಾತು. ಈಗ ಬರ್ತೀರೋ ಇಲ್ಲೋ ಹೇಳು."

ಗೆಳತಿಯ ಬಾಯಲ್ಲಿ ತಪ್ಪಾಯಿತು ಎಂಬ ಮಾತನ್ನು ಪದ್ಮಜಾ ನಲವತ್ತೈದು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ನಗೆ ನಿಂತಿತು. "ತಡಿ, ಬಂದ್ ಮಾಡಬ್ಯಾಡ," ಎಂದು ಫೋನು ಹಿಡಿದುಕೊಂಡೇ ಎದ್ದು ಮುಂದಿನ ಸೀಟಿನ ಕಡೆ ನಡೆದರು. ಮುಂದಿನದನ್ನು ಅಕ್ಕೋರು ಮರಕ್ಕೆ ಒರಗಿ ಕಿವಿಯಿಂದಲೇ ಕೇಳಿಸಿಕೊಂಡರು.

ಶಿವಾನಂದರು ಪಟ್ಟಿ ತೆಗೆದರು. "ಅವ್ವಾರ, ಅವತ್ತ ಹೇಳೇನಿ. ಪಟ್ಟಿಯಾಗ ಮರಾ ಇಲ್ಲ. ಇವತ್ತ ಮರದ ಹತ್ರ ನಿಂತ್ರ ನಾಳೆ ಚಪ್ಪಲಿ ಅಂಗಡಿ ಹತ್ರ ನಿಲ್ಸು ಅಂತಾರ."

"ನನ್ನ ಚಪ್ಪಲಿ ಸುದ್ದಿ ಯಾಕ ತಗೀತೀರಿ?" ಎಂದು ಹಿಂದಿನಿಂದ ಹಾನಗಲ್ಲದವರ ಧ್ವನಿ.

"ಯಾವ ಮರಾನ?" ಎಂದು ಕೇಳಿದ್ದು ಯಂಕವ್ವ.

"ಸವಣೂರಾಗ ದೊಡ್ಡ ಹುಣಸಿ ಅದ ಅಲ್ಲ, ಅದರ ಬಳಗದ್ದ," ಎಂದರು ಪದ್ಮಜಾ. "ನಮ್ಮಾಕಿ ಒಬ್ಬಾಕಿ ಅದನ್ನ ಅಳೀಲಿಕ್ಕೆ ಬಂದಾಳ. ಕೈಗೆ ಕೈ ಹಚ್ಚಿ ಅಳೀಬೇಕು, ಮಂದಿ ಇಲ್ಲ."

"ಸವಣೂರಿಂದು ನಾ ನೋಡೇನಿ. ಲಗ್ನಾದ ವರ್ಷ ನಮ್ಮ ಯಜಮಾನ್ರು ತೋರ್ಸಿದ್ರು. ಏನೋಪಾ ತಮ್ಮಾ, ಆ ಪಟ್ಟಿಯಾಗ ಚಹಾ ಐತೋ ಇಲ್ಲೋ?"

"ಐತಿ. ಒಂಬತ್ತೂವರಿಗೆ ಚಹಾ."

"ಎಲ್ಲಿ ಅಂತ ಬರದೀ?"

ಶಿವಾನಂದರು ಪಟ್ಟಿ ಹತ್ತಿರ ಹಿಡಿದು ನೋಡಿದರು. ಗಂಟೆ ಬರೆದಿತ್ತು, ಚಹಾ ಎಂದು ಬರೆದಿತ್ತು. ಜಾಗ ಬರೆದಿರಲಿಲ್ಲ.

"ಮತ್ತ? ಮರದ ಕೆಳಗ ಕುಡೀತೇವಿ. ಪಟ್ಟಿ ಮುರದಂಗೂ ಆಗೂದಿಲ್ಲ," ಎಂದಳು ಯಂಕವ್ವ. ಬಸ್ಸಿಗೆ ಬಸ್ಸೇ ಹೋ ಎಂದಿತು.

"ಹದಿನೈದ ನಿಮಿಷ," ಎಂದು ಶಿವಾನಂದರು ಬೆರಳು ಎತ್ತಿದ್ದನ್ನು ಅಕ್ಕೋರು ಕಾಣಲಿಲ್ಲ, ಧ್ವನಿಯಲ್ಲಿ ಕೇಳಿಸಿತು.

ಬಸ್ಸು ಒಂಬತ್ತು ಇಪ್ಪತ್ತೈದಕ್ಕೆ ಬಂತು. ಮೊದಲು ಇಳಿದದ್ದು ಅಡುಗೆಯವರ ಚಹಾದ ಕ್ಯಾನು, ಆಮೇಲೆ ಪದ್ಮಜಾ. ಬೇರೆ ಎಲ್ಲ ಬಿಟ್ಟು ಗೆಳತಿಯ ಕೈಗೆ ಒಂದು ಡಬ್ಬಿ ಕೊಟ್ಟರು. "ಉಪ್ಪಿಟ್ಟು. ಮೊದಲ ತಿನ್ನು, ಆಮ್ಯಾಲೆ ಮರಾ."

"ಆಮ್ಯಾಲೆ ತಿಂತೇನಿ. ಹದಿನೈದ ನಿಮಿಷ ಅಂದಾರ," ಎಂದು ಅಕ್ಕೋರು ಸೀಮೆಸುಣ್ಣ ತೆಗೆದರು.

ಅಳತೆಗೆ ಮುನ್ನ ಗೋಡೆ ಬೇಕು. ಪಕ್ಕದ ಮನೆಯ ಗೋಡೆಗೆ ಹೊಸ ಬಣ್ಣ. ಅಕ್ಕೋರು ಒಂದು ಕ್ಷಣ ಯೋಚಿಸಿ ಬಸ್ಸಿನ ಕಡೆ ನೋಡಿದರು. ಎರಡು ನಿಮಿಷದಲ್ಲಿ ನಾಲ್ಕು ತಾಲೂಕಿನ ಹನ್ನೆರಡು ಜನ ಬಸ್ಸಿಗೆ ಬೆನ್ನು ಹಚ್ಚಿ ಕೈ ಚಾಚಿ ನಿಂತಿದ್ದರು. ಅಕ್ಕೋರು ಗೆರೆ ಎಳೆಯುವುದು, ಕಾರಿನ ಡ್ರೈವರು ಸ್ಕೇಲು ಇಟ್ಟು ಓದುವುದು, ಪದ್ಮಜಾ ಬರೆದುಕೊಳ್ಳುವುದು. ಬಸ್ಸಿನ ಡ್ರೈವರು ಸಿಂಹಳದಲ್ಲಿ ಏನೋ ಕೂಗಿದ. ಒರೆಸಿ ಕೊಡುತ್ತೇವೆ ಎಂದು ಶಿವಾನಂದರು ಕೈಸನ್ನೆ ಮಾಡಿ, "ಮೂವತ್ತು ವರ್ಷದಾಗ ಬಸ್ಸಿನ ಮೈಮ್ಯಾಲೆ ಲೆಕ್ಕಾ ಬರದದ್ದು ನಾ ನೋಡಿಲ್ಲ," ಎಂದು ಗೊಣಗಿದರು.

"ಈಗ ನೋಡಿದ್ರಲ್ಲ," ಎಂದರು ಅಕ್ಕೋರು. "ಕೈ ಸಡ್ಲ ಬಿಡಬ್ಯಾಡ್ರಿ, ಹಾನಗಲ್ಲದಾವ್ರ. ಮೊಳಕೈ ನೆಟ್ಟಗ."

ಸರಪಳಿ ಶುರುವಾಯಿತು. ಅಕ್ಕೋರು ತಾವು ಸಾಲಿನಲ್ಲಿ ನಿಲ್ಲಲಿಲ್ಲ, ಯಾವತ್ತೂ ನಿಂತವರಲ್ಲ. ಒಬ್ಬೊಬ್ಬರನ್ನೂ ಹೆಗಲು ಹಿಡಿದು ಸರಿಸಿ, ಕೈಯನ್ನು ಗುರುತಿನ ಎತ್ತರಕ್ಕೆ ಏರಿಸಿ, ಬೆರಳ ತುದಿ ತಾಗಿಸುತ್ತ ಹೋದರು. ಯಂಕವ್ವನ ಪಕ್ಕಕ್ಕೆ ಅವಳ ಯಜಮಾನರು ಬಂದರು. ಎಪ್ಪತ್ತು ದಾಟಿದವರು, ತಲೆಗೆ ರುಮಾಲು. ಹೆಂಡತಿಯ ಬೆರಳಿಗೂ ತಮ್ಮ ಬೆರಳಿಗೂ ನಡುವೆ ಗೇಣು ಅಂತರ ಬಿಟ್ಟು, ಮರವನ್ನೇ ನೋಡುತ್ತ ನಿಂತರು.

"ಬೆರಳು ತಾಗ್ಲಿ, ಯಜಮಾನ್ರ," ಎಂದರು ಅಕ್ಕೋರು.

ಯಜಮಾನರು ಕೆಮ್ಮಿದರು.

"ತಾಗ್ಸ್ರಿ, ಏನೂ ಆಗೂದಿಲ್ಲ," ಎಂದಳು ಯಂಕವ್ವ. "ಐದು ಮಕ್ಕಳ ತಂದಿ ಆದ ಮ್ಯಾಲೆ ಈಗ ಎಂಥಾ ನಾಚಿಕಿ?"

ಮರದ ಆ ಬದಿಯಲ್ಲಿದ್ದವರಿಗೆ ಏನು ನಡೆಯಿತೆಂದು ಕಾಣಿಸದೆ, ನಗೆ ಮಾತ್ರ ತಲುಪಿ, ಅವರೂ ನಕ್ಕರು. ಸರಪಳಿ ಅಲುಗಾಡಿ ನಾಲ್ಕು ಕಡೆ ಕಡಿಯಿತು. ಅಕ್ಕೋರು ಮತ್ತೆ ಮೊದಲಿನಿಂದ ಜೋಡಿಸಿದರು. ಹನ್ನೊಂದು. ಹನ್ನೆರಡನೆಯವರು ಪದ್ಮಜಾ, ಎಡಗೈ ಚಾಚಿದರು. ಮೊದಲು ನಿಂತವರ ಬಲಗೈಗೂ ಅವರ ಎಡಗೈಗೂ ನಡುವೆ ಇನ್ನೂ ಜಾಗ ಉಳಿದಿತ್ತು. ಒಬ್ಬ ಇಡೀ ಮನುಷ್ಯ ಹಿಡಿಸದ ಜಾಗ.

"ಮುಗೀತೇನ್ರಿ? ಇಪ್ಪತ್ತೆರಡ ನಿಮಿಷಾತು," ಎಂದು ಗಡಿಯಾರ ನೋಡುತ್ತ ಬಂದ ಶಿವಾನಂದರನ್ನು ಅಕ್ಕೋರು ಮೊಳಕೈ ಹಿಡಿದು ಎಳೆದು ಆ ಸಂದಿನಲ್ಲಿ ನಿಲ್ಲಿಸಿದರು. ಸವಣೂರಿನಲ್ಲೂ ಇಂಥ ಸಂದು ಉಳಿದರೆ ಒಂದು ಮಗುವಿನ ಮೊಳವನ್ನು ಇಟ್ಟು ನೋಡುವುದೇ ಪದ್ಧತಿ. ಶಿವಾನಂದರ ಮೊಳಕೈ ಒಂದು ಕಡೆಯ ಬೆರಳಿಗೆ ತಾಗಿತು, ಅವರ ಬೆರಳ ತುದಿ ಇನ್ನೊಂದು ಕಡೆ. ಬರೋಬ್ಬರಿ.

"ಅಲ್ಲಾಡಬ್ಯಾಡ್ರಿ ಯಾರೂ," ಎಂದು ಹೇಳಿ ಅಕ್ಕೋರು ಒಂದು ಸುತ್ತು ಬಂದರು. ಪ್ರತಿ ಜೋಡಿ ಬೆರಳನ್ನೂ ನೋಡಿದರು. ಮೂವತ್ತೊಂದು ವರ್ಷ ಓದೇನಿ ಎಂದಷ್ಟೇ ಹೇಳಿದ ಮರದ ಸುತ್ತ ಈಗ ಸರಪಳಿ ಗುರುತಿನಿಂದ ಗುರುತಿಗೆ ಬೆಸೆದುಕೊಂಡು ಮುಚ್ಚಿತ್ತು. ಅವರ ಮುಖ ನೋಡಿ ಪದ್ಮಜಾ ಏನೋ ಚೇಷ್ಟೆ ಮಾಡಬೇಕೆಂದಿದ್ದವರು ಮಾಡಲಿಲ್ಲ.

"ಹನ್ನೆರಡು ಮಂದಿ, ಒಂದು ಮೊಳಾ," ಎಂದರು ಅಕ್ಕೋರು ಕೊನೆಗೆ. "ಇಳಸ್ರಿ ಕೈ."

"ಹನ್ನೆರಡು ಮಂದಿ, ಒಬ್ಬ ಅರ್ಧಾ ಮನಷ್ಯಾ!" ಎಂದು ಯಂಕವ್ವ ಸಾರಿದಳು. ಶಿವಾನಂದರು ಕೈ ಉಜ್ಜಿಕೊಳ್ಳುತ್ತ ತಾವೂ ನಕ್ಕರು.

ಶಿವಾನಂದರ ಮೊಳಕ್ಕೂ ಸ್ಕೇಲು ಇಟ್ಟು ಬರೆದುಕೊಂಡಾಯಿತು. ಬಸ್ಸಿನ ಮೈಮೇಲಿನ ಗೆರೆಗಳ ಲೆಕ್ಕವನ್ನು ಪದ್ಮಜಾ ಓದುತ್ತ ಹೋದರು, ಅಕ್ಕೋರು ಕೂಡಿಸುತ್ತ ಹೋದರು. ಹತ್ತೊಂಬತ್ತು ಮೀಟರ್ ನಲವತ್ತೊಂದು ಸೆಂಟಿಮೀಟರ್. ಸವಣೂರಿನ ಸಾಲುಗಳನ್ನು ತಿರುವಿ ನೋಡುವ ಅಗತ್ಯವಿರಲಿಲ್ಲ. ಅವು ಬಾಯಿಗೆ ಬರುತ್ತಿದ್ದವು.

"ದೊಡ್ಡದೇನ್ರಿ, ನಮ್ಮದಕ್ಕಿಂತ?" ಎಂದು ಹಾನಗಲ್ಲದವರು ಕೇಳಿದರು.

"ದೊಡ್ಡದs," ಎಂದರು ಅಕ್ಕೋರು. ಓದೇನಿ ಎಂದು ಸೇರಿಸಲಿಲ್ಲ.

ಜನ ಚಹಾದ ಲೋಟ ಹಿಡಿದು ಮರದ ಬುಡದಲ್ಲಿ ಕೂತರು. ಗುಡಿಸುತ್ತಿದ್ದ ಅಜ್ಜಿಗೂ ಒಂದು ಲೋಟ ಹೋಯಿತು. ಶಿವಾನಂದರು ಪಟ್ಟಿಯಲ್ಲಿ ಚಹಾದ ಮುಂದೆ ಸರಿ ಗುರುತು ಹಾಕಿ, ಹೊರಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ವಹಿ ಮುಚ್ಚದೆಯೇ ಎದ್ದು ನಿಂತರು.

"ಇನ್ನೊಮ್ಮೆ ನಿಂದರ್ರಿ."

"ಯಾಕ? ಬಂತಲ್ಲ ಲೆಕ್ಕಾ!" ಎಂದರು ಶಿವಾನಂದರು.

"ಒಂದ ಸಲ ಅಳದದ್ದು ಅಳತಿ ಅಲ್ರಿ. ತಪ್ಪಿದ್ರ ಗೊತ್ತಾಗೂದು ಹೆಂಗ?"

ಶಿವಾನಂದರು ಬಸ್ಸಿನ ಕಡೆ ನೋಡಿದರು, ಗಡಿಯಾರ ನೋಡಿದರು, ಜನರ ಕಡೆ ನೋಡಿದರು. ಜನ ಆಗಲೇ ಲೋಟ ಕೆಳಗಿಟ್ಟು, ಯಾರ ಪಕ್ಕ ಯಾರು ಎಂದು ಜಗಳಾಡುತ್ತ ಮರದ ಸುತ್ತ ಸರಿಯುತ್ತಿದ್ದರು. ಮೊದಲ ಸಲ ಅವಕಾಶ ಸಿಗದವರು ಈ ಸಲ ತಾವು ಎನ್ನುತ್ತಿದ್ದರು. ಹಾಗೆ ಮಾಡಿದರೆ ಕೈಯ ಅಳತೆ ಬೇರೆಯಾಗುತ್ತದೆ, ಅವರದೂ ಬಸ್ಸಿನ ಮೇಲೆ ಗೆರೆ ಎಳೆಯಬೇಕು ಎಂದು ಅಕ್ಕೋರು ಮತ್ತೆ ಸೀಮೆಸುಣ್ಣ ತೆಗೆದರು.

"ಶಿವಿ," ಎಂದರು ಪದ್ಮಜಾ, ಉಪ್ಪಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿಯುತ್ತ, "ಎರಡನೇದು ಮುಗಿದ ಮ್ಯಾಲೆ ಮೂರನೇದು ಅಂದೀ ಅಂದ್ರ ನಾ ನಿನ್ನ ಇಲ್ಲೇ ಕತ್ತಿ ಜೋಡಿ ಬಿಟ್ಟು ಹೋಗ್ತೇನಿ, ನೋಡು."

ಅಕ್ಕೋರು ಎಡಗೈಯಿಂದ ಒಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡರು, ಬಲಗೈಯಲ್ಲಿ ಸುಣ್ಣವಿತ್ತು. "ಸರಾಸರಿಗೆ ಮೂರು ಬೇಕು," ಎಂದರು.